ಚೆಂಡು ಅಲುಗುವ ಮುನ್ನ

2021ರ ಆಗಸ್ಟ್ 7ರ ಬೆಳಗಿನ ಜಾವ ಗಾಲ್ಫಿನ ಗಂಧಗಾಳಿ ಇಲ್ಲದ ಎಷ್ಟೋ ಮನೆಗಳಲ್ಲಿ ಟಿವಿ ಹತ್ತಿಕೊಂಡಿತ್ತು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಸಾಲಿನಲ್ಲಿದ್ದರು. "ಬೋಗಿ ಅಂದ್ರೆ ರೈಲಿಂದಲ್ವಾ?" ಎಂದು ಶುರುಮಾಡಿದ ನಮ್ಮ ಸೋದರತ್ತೆ ತಿಂಡಿ ಹೊತ್ತಿಗೆ "ಅಯ್ಯೋ, ಒಂದು ಚೂರು ಪಕ್ಕಕ್ಕೆ ಹೋಯ್ತಲ್ಲ" ಎಂದು ಪೇಚಾಡುವಷ್ಟು ಪಂಡಿತರಾಗಿದ್ದರು. ನಾಲ್ಕು ದಿನ, 269 ಹೊಡೆತ, ಪಾರ್‌ಗಿಂತ, ಅಂದರೆ ಅಂಗಳಕ್ಕೆ ನಿಗದಿಯಾದ ಹೊಡೆತಗಳಿಗಿಂತ, 15 ಕಡಿಮೆ. ಬೆಳ್ಳಿ-ಕಂಚಿಗೆ ಪ್ಲೇಆಫ್ ಆಡಿದ ಇಬ್ಬರಿಗಿಂತ ಒಂದೇ ಒಂದು ಹೊಡೆತ ಹೆಚ್ಚು. ನಾಲ್ಕನೇ ಸ್ಥಾನ. ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆದು ಚಿನ್ನ ತಂದ ಮೇಲೆ ಬೆಳಗಿನ ಸಂಕಟವನ್ನು ಎಲ್ಲರೂ ಮರೆತರು.

ಆ ಗಲಾಟೆಯಲ್ಲಿ ಒಂದು ವಿವರ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಕಣದಲ್ಲಿದ್ದ 60 ಆಟಗಾರ್ತಿಯರಲ್ಲಿ ಚೆಂಡನ್ನು ಅತಿ ಕಡಿಮೆ ದೂರ ಹೊಡೆಯುವವರ ಪೈಕಿ ಅದಿತಿ ಒಬ್ಬರು. ಆಗ ಅವರ ವಿಶ್ವ ರ್‍ಯಾಂಕಿಂಗ್ 200. ಅದಕ್ಕೂ ಕೆಲವೇ ವಾರ ಮುಂಚೆ ಕೋವಿಡ್ ಬಂದು ಮಲಗಿ ಎದ್ದಿದ್ದರು, ಮೈಯಲ್ಲಿ ಕಸುವು ಕಡಿಮೆಯಾಗಿತ್ತು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ದೂರ ಹೊಡೆಯುವ ಕೋಲಾದ ಡ್ರೈವರ್ ಬೀಸಿದರೆ ಚೆಂಡು ಅದಿತಿಯ ಚೆಂಡನ್ನು ದಾಟಿ ಎಲ್ಲೋ ಮುಂದೆ ಬೀಳುತ್ತಿತ್ತು. ಆದರೂ ಕೊನೆಯ ಗುಳಿಯ ಸುತ್ತಲ ಹಸಿರಿನವರೆಗೆ ಪದಕ ಕೈಗೆಟಕುವಷ್ಟು ಹತ್ತಿರ ಇತ್ತು. ದೂರವೇ ಎಲ್ಲವೂ ಎಂದು ನಂಬಿ ಪ್ರತಿ ಭಾನುವಾರ ಸೊಂಟ ಮುರಿದುಕೊಳ್ಳುವ ನನ್ನಂಥವರು ಕೂತು ಯೋಚಿಸಬೇಕಾದ ವಿಷಯ ಇದು.

ನಾನು ನಲವತ್ತು ದಾಟಿದ ಮೇಲೆ ಗಾಲ್ಫ್ ಕೋಲು ಹಿಡಿದವನು. ಮೊದಲ ಮೂರು ದಿನ ನನ್ನ ಕೋಚ್ ಒಂದೇ ಒಂದು ಚೆಂಡು ಹೊಡೆಯಲು ಬಿಡಲಿಲ್ಲ. ಹಿಡಿ, ಬಿಡು. ಮತ್ತೆ ಹಿಡಿ. ನಿಲ್ಲು, ಪಕ್ಕಕ್ಕೆ ಬಾ, ಮತ್ತೆ ನಿಲ್ಲು. ಕೊಟ್ಟ ದುಡ್ಡಿಗೆ ಇದೇನು ಕವಾಯತು ಎಂದು ಒಳಗೊಳಗೇ ಕುದಿದೆ. ನಾಲ್ಕನೇ ದಿನ ಹೊಡೆಯಲು ಬಿಟ್ಟಾಗ ಆ ಮೂರು ದಿನದ್ದನ್ನೆಲ್ಲ ಗಾಳಿಗೆ ತೂರಿ, ಶಕ್ತಿಯೆಲ್ಲ ಹಾಕಿ ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಹುಲ್ಲಿನ ಹೆಂಟೆಯೊಂದು ಮಾತ್ರ ಹತ್ತಡಿ ಹಾರಿತು. ಈ ಆಟದಲ್ಲಿ ಆಗುವ ಅನಾಹುತಗಳಲ್ಲಿ ಮುಕ್ಕಾಲು ಪಾಲು ಕೋಲು ಅಲುಗುವ ಮೊದಲೇ ಆಗಿ ಮುಗಿದಿರುತ್ತವೆ ಎಂಬುದು ನನ್ನ ತಲೆಗೆ ಇಳಿಯಲು ಆರು ವರ್ಷ ಬೇಕಾಯಿತು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಕೋಲಿನ ಮುಖಕ್ಕೂ ಚೆಂಡಿಗೂ ಸ್ಪರ್ಶ ಇರುವುದು ಸುಮಾರು ಅರ್ಧ ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ನೀವು ಹದಿನೆಂಟು ಗುಳಿಗಳನ್ನು 90 ಹೊಡೆತಗಳಲ್ಲಿ ಮುಗಿಸುವ ಮರ್ಯಾದಸ್ಥ ಆಟಗಾರರಾಗಿದ್ದರೆ, ನಾಲ್ಕು ಗಂಟೆಗೂ ಮೀರಿದ ಆಟದಲ್ಲಿ ಚೆಂಡನ್ನು ಮುಟ್ಟಿದ ಒಟ್ಟು ಹೊತ್ತು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗಕ್ಕೂ ಕಡಿಮೆ. ಆ ಕ್ಷಣದಲ್ಲಿ ನೀವು ಏನನ್ನೂ ತಿದ್ದಲಾರಿರಿ. ಕೈಗೆ ಏಟಿನ ಅರಿವಾಗುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ತಿದ್ದಲು ಸಿಗುವುದೆಲ್ಲ ಅದರ ಮುಂಚಿನದು: ಕೋಲನ್ನು ಹೇಗೆ ಹಿಡಿದಿರಿ, ಎಲ್ಲಿ ನಿಂತಿರಿ, ಎತ್ತ ಮುಖ ಮಾಡಿದಿರಿ. ಚೆಂಡು ಸುಮ್ಮನಿದೆ, ನೀವೂ ಸುಮ್ಮನಿದ್ದೀರಿ, ಅವಸರ ಮಾಡುವವರು ಯಾರೂ ಇಲ್ಲ. ಅಂಥ ಹೊತ್ತಿನಲ್ಲೇ ನಾವು ಕೆಡಿಸಿಕೊಳ್ಳುತ್ತೇವೆ.

ಅಮೆರಿಕದ ಬೆನ್ ಹೋಗನ್ 1957ರಲ್ಲಿ ಐದು ಪಾಠಗಳ ಒಂದು ಪುಸ್ತಕ ಬರೆದರು. ಹರ್ಬರ್ಟ್ ವಾರೆನ್ ವಿಂಡ್ ಎಂಬ ಬರಹಗಾರರು ಜೊತೆಗಿದ್ದರು. ಗಾಲ್ಫ್ ಕಲಿಕೆಯ ಪುಸ್ತಕಗಳಲ್ಲಿ ಇವತ್ತಿಗೂ ಎಲ್ಲರೂ ಮೊದಲು ಹೆಸರಿಸುವುದು ಅದನ್ನೇ. ಐದರಲ್ಲಿ ಮೊದಲ ಪಾಠ ಇಡೀ ಹಿಡಿತದ ಬಗ್ಗೆ, ಎರಡನೆಯದು ಇಡೀ ನಿಲುವಿನ ಬಗ್ಗೆ. ಕೋಲು ಬೀಸುವ ಮಾತು ಬರುವುದು ಮೂರನೆಯದರಲ್ಲಿ. ಹೋಗನ್ ಸುಮ್ಮನೆ ಬರೆದವರಲ್ಲ. 1949ರ ಫೆಬ್ರವರಿಯಲ್ಲಿ ಅವರ ಕಾರಿಗೆ ಬಸ್ಸು ಎದುರಿನಿಂದ ಗುದ್ದಿ ಸೊಂಟ, ಕಾಲು, ಭುಜದ ಮೂಳೆಗಳು ಮುರಿದಿದ್ದವು. ಮರುವರ್ಷವೇ ಕಾಲಿಗೆ ಪಟ್ಟಿ ಸುತ್ತಿಕೊಂಡು ಯುಎಸ್ ಓಪನ್ ಗೆದ್ದರು. ಮೈ ಕೈಕೊಟ್ಟಾಗ ಉಳಿದದ್ದು ಅಡಿಪಾಯ.

ಹಿಡಿತದಿಂದಲೇ ಶುರುಮಾಡೋಣ. ನಮ್ಮಲ್ಲಿ ಗಾಲ್ಫಿಗೆ ಬರುವ ಬಹುಪಾಲು ಮಂದಿ ಕ್ರಿಕೆಟ್ ಬ್ಯಾಟು ಹಿಡಿದು ಬೆಳೆದವರು, ಅದಕ್ಕೂ ಮುಂಚೆ ಚಿನ್ನಿದಾಂಡು. ಆ ಕೈ ಕೋಲನ್ನು ಅಂಗೈಯೊಳಗೆ ಗುದ್ದಲಿ ಕಾವಿನಂತೆ ಅದುಮಿ ಹಿಡಿಯುತ್ತದೆ. ಗಾಲ್ಫ್ ಕೋಲು ಕೂರಬೇಕಾದದ್ದು ಬೆರಳುಗಳ ಬುಡದಲ್ಲಿ. ಬಲಗೈ ಆಟಗಾರರಾದರೆ ಎಡಗೈ ಮೇಲೆ, ಬಲಗೈ ಕೆಳಗೆ. ತಲೆ ತಗ್ಗಿಸಿ ನೋಡಿದಾಗ ಎಡಗೈಯ ಎರಡು, ಎರಡೂವರೆ ಗೆಣ್ಣು ಕಾಣಬೇಕು. ಒಂದೇ ಕಂಡರೆ ಏಟಿನ ಹೊತ್ತಿಗೆ ಕೋಲಿನ ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ, ನಾಲ್ಕು ಕಂಡರೆ ಎಡಕ್ಕೆ ಮುಚ್ಚಿಕೊಳ್ಳುತ್ತದೆ. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳಿನ ಮೇಲೆ ಏರಿಸುವ ಹಿಡಿತಕ್ಕೆ ಹ್ಯಾರಿ ವಾರ್ಡನ್ ಹೆಸರು ಅಂಟಿದೆ. ಬ್ರಿಟಿಷ್ ಓಪನ್ ಅನ್ನು ಆರು ಸಲ ಗೆದ್ದವರು ಅವರು. ಎರಡೂ ಬೆರಳನ್ನು ಹೆಣೆಯುವುದು ಇನ್ನೊಂದು ಬಗೆ. ಯಾವುದಾದರೂ ಸರಿ, ಇದರ ಮೇಲೆ ನಡೆಯುವ ಜಗಳಗಳಿಗೆ ನಾನು ಬೆಲೆ ಕೊಡುವುದಿಲ್ಲ.

ಬಿಗಿ ಎಷ್ಟಿರಬೇಕು ಎಂಬುದಕ್ಕೆ ಮಾತ್ರ ಬೆಲೆ ಕೊಡುತ್ತೇನೆ. ಅಂಗೈಯಲ್ಲಿ ಹಕ್ಕಿ ಹಿಡಿದಂತೆ ಎನ್ನುವುದು ಗಾಲ್ಫ್ ಲೋಕದ ಹಳೆಯ ಹೋಲಿಕೆ. ಕೈಯಲ್ಲಿ ಹಕ್ಕಿ ಹಿಡಿದು ನಮಗೇನು ಅಭ್ಯಾಸ? ಹಸು ಕರೆದವರಿಗೆ ಬೇರೆ ಹೋಲಿಕೆ ಬೇಕಿಲ್ಲ. ಕೆಚ್ಚಲು ಹಿಡಿದ ಬೆರಳಿಗೆ ಎಷ್ಟು ಬಿಗಿ ಇರುತ್ತದೋ ಅಷ್ಟು ಸಾಕು. ಅದಕ್ಕಿಂತ ಹೆಚ್ಚಾದರೆ ಹಸು ಒದೆಯುತ್ತದೆ, ಇಲ್ಲಿ ಮುಂಗೈ ಸೆಟೆದುಕೊಂಡು ಕೋಲಿನ ತಲೆ ನಿಧಾನವಾಗುತ್ತದೆ. ಬಲವಾಗಿ ಹಿಡಿದವರ ಚೆಂಡು ಹತ್ತಿರ ಬೀಳುತ್ತದೆ. ಕೇಳಲು ತಲೆಕೆಳಗಾದ ಮಾತು, ಆದರೆ ಅಭ್ಯಾಸಕ್ಕಿರುವ ಯಾವ ಡ್ರೈವಿಂಗ್ ರೇಂಜಿಗಾದರೂ ಹೋಗಿ ಐದು ನಿಮಿಷ ನಿಂತು ನೋಡಿ.

ಹೊಸಬರ ಮಹಾಮಾರಿ ಸ್ಲೈಸ್. ನೇರ ಹೊರಟಂತೆ ಕಂಡ ಚೆಂಡು ನಡುದಾರಿಯಲ್ಲಿ ಬಲಕ್ಕೆ ಬಾಗಿ ಮರಗಳೊಳಗೆ, ನೀರೊಳಗೆ, ಒಮ್ಮೊಮ್ಮೆ ಕಾಂಪೌಂಡಿನಾಚೆ ರಸ್ತೆಗೆ ಹೋಗುತ್ತದೆ. ಇದನ್ನು ಬೀಸುವುದರಲ್ಲಿ ಇರುವ ರೋಗ ಎಂದು ಎಲ್ಲರೂ ತಿಳಿಯುತ್ತಾರೆ. ಬೇರು ಬಹಳ ಸಲ ನಿಂತ ನಿಲುವಿನಲ್ಲಿ ಇರುತ್ತದೆ. ಹೇಗೆಂದರೆ, ಗುರಿಯತ್ತ ಸಾಗುವ ಗೆರೆ ಚೆಂಡಿನಿಂದ ಬಾವುಟಕ್ಕೆ ಹೋಗುತ್ತದೆ. ನಮ್ಮ ಕಾಲು, ಸೊಂಟ, ಭುಜದ ಗೆರೆ ಅದಕ್ಕೆ ಸಮಾನಾಂತರವಾಗಿ ಎಡಗಡೆ ಇರಬೇಕು. ರೈಲು ಹಳಿಗಳ ಹಾಗೆ: ಚೆಂಡು ಒಂದು ಹಳಿಯ ಮೇಲೆ, ನಾವು ಇನ್ನೊಂದರ ಮೇಲೆ. ಆದರೆ ಪಕ್ಕಕ್ಕೆ ನಿಂತು ಎಡಭುಜದ ಮೇಲಿಂದ ಬಾವುಟ ನೋಡುವ ಕಣ್ಣು ಮೋಸ ಮಾಡುತ್ತದೆ. ಭುಜ ಬಾವುಟದತ್ತ ಇದೆ ಎಂದುಕೊಂಡಾಗ ಮೈ ನಿಜವಾಗಿ ಬಲಕ್ಕೆ ತಿರುಗಿರುತ್ತದೆ. ಗುರಿ ಎಡಗಡೆ ಇದೆ ಎಂದು ಒಳಮನಸ್ಸಿಗೆ ಗೊತ್ತಿರುವುದರಿಂದ ಕೈಗಳು ಕೊನೆಯ ಗಳಿಗೆಯಲ್ಲಿ ಕೋಲನ್ನು ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುತ್ತವೆ. ಹಾದಿ ಎಡಕ್ಕೆ, ಕೋಲಿನ ಮುಖ ಅದಕ್ಕೆ ಹೋಲಿಸಿದರೆ ಬಲಕ್ಕೆ. ಚೆಂಡು ಓರೆಯಾಗಿ ತಿರುಗುತ್ತ ಬಲಕ್ಕೆ ಬಾಗುತ್ತದೆ.

ಬಡಪಾಯಿ ಆಟಗಾರ ಆಮೇಲೆ ಮಾಡುವ ಉಪಾಯ ಇನ್ನೂ ದುಬಾರಿ. ಚೆಂಡು ಬಲಕ್ಕೆ ಹೋಗುತ್ತದಲ್ಲ, ನಾನೇ ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುತ್ತೇನೆ ಎನ್ನುತ್ತಾನೆ. ಹಾದಿ ಇನ್ನೂ ಎಡಕ್ಕಾಗುತ್ತದೆ, ಬಾಗು ಇನ್ನೂ ಹೆಚ್ಚುತ್ತದೆ. ಹಿಂದೆ ಕೋಚುಗಳೂ ಇದರಲ್ಲಿ ಗೊಂದಲದಲ್ಲಿದ್ದರು. ಚೆಂಡು ಹೊರಡುವ ದಿಕ್ಕನ್ನು ಕೋಲಿನ ಹಾದಿ ತೀರ್ಮಾನಿಸುತ್ತದೆ ಎಂದು ಕಲಿಸುತ್ತಿದ್ದರು. ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಥರದ ರೇಡಾರ್ ಯಂತ್ರಗಳು ಬಂದು ಅದನ್ನು ಮಗುಚಿ ಹಾಕಿದವು. ಹೊರಡುವ ದಿಕ್ಕಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕೋಲಿನ ಮುಖದ್ದು. ಆಮೇಲಿನ ಬಾಗು ಮುಖಕ್ಕೂ ಹಾದಿಗೂ ಇರುವ ಅಂತರದ್ದು. ಹಾಗಾಗಿ ನಿಮ್ಮ ಚೆಂಡೇ ನಿಮಗೆ ವರದಿ ಕೊಡುತ್ತದೆ: ಎತ್ತ ಹೊರಟಿತು ಎಂದು ಮೊದಲು ನೋಡಿ, ಎತ್ತ ಬಾಗಿತು ಎಂದು ಆಮೇಲೆ. ಔಷಧಿ ಅಗ್ಗದ್ದು. ಎರಡು ಉದ್ದ ಕಡ್ಡಿ ನೆಲದ ಮೇಲೆ ಹಳಿಯಂತೆ ಇಟ್ಟು ಅವುಗಳ ನಡುವೆ ಅಭ್ಯಾಸ ಮಾಡಿ. ವಿಶ್ವದ ಅಗ್ರ ವೃತ್ತಿಪರರ ಕಾಲಡಿಯೂ ಅಭ್ಯಾಸದಲ್ಲಿ ಆ ಕಡ್ಡಿ ಇರುತ್ತದೆ. ನಮ್ಮ ರೇಂಜುಗಳಲ್ಲಿ ಮಾತ್ರ ಅದನ್ನು ಇಟ್ಟುಕೊಂಡವನನ್ನು ಎಳಸು ಎಂಬಂತೆ ನೋಡುತ್ತಾರೆ.

ಬಗ್ಗುವ ವಿಷಯಕ್ಕೆ ಬಂದರೆ, ಕಂಪ್ಯೂಟರಿನ ಮುಂದೆ ಕೂತವರ ಬೆನ್ನು ಬಿಲ್ಲಾಗಿ ಬಗ್ಗುತ್ತದೆ. ಬೇಕಾದದ್ದು ಸೊಂಟದ ಕೀಲಿನಿಂದ ಬಗ್ಗುವುದು. ಮಂಡ್ಯದ ಕಡೆ ಗದ್ದೆ ನಾಟಿ ಹಾಕುವ ಹೆಂಗಸರನ್ನು ಪಕ್ಕದಿಂದ ನೋಡಿ. ಬೆನ್ನು ಹಲಗೆಯಂತೆ ನೀಟು, ಮಡಿಕೆ ಬೀಳುವುದು ತೊಡೆಯ ಮೇಲ್ತುದಿಯಲ್ಲಿ. ಅಷ್ಟು ಆಳ ಬೇಡ, ಆ ಬಗೆ ಬೇಕು. ಇನ್ನು ಚೆಂಡು ಇಡುವ ಜಾಗ: ಡ್ರೈವರಿಗೆ ಎಡ ಹಿಮ್ಮಡಿಯ ನೇರಕ್ಕೆ, ಗಿಡ್ಡ ಐರನ್‌ಗಳಿಗೆ ನಿಲುವಿನ ನಡುವೆ. ಡ್ರೈವರಿನ ಚೆಂಡು ಟೀ ಮೇಲಿದ್ದು ಕೋಲು ಮೇಲೇರುತ್ತ ತಾಕಿದರೆ ಒಳ್ಳೆಯದು. ಐರನ್ ಹಾಗಲ್ಲ, ಕೆಳಗಿಳಿಯುತ್ತಲೇ ಮೊದಲು ಚೆಂಡನ್ನು, ಆಮೇಲೆ ನೆಲವನ್ನು ಮುಟ್ಟಬೇಕು. ಚೆಂಡನ್ನು ಮೇಲೆತ್ತಬೇಕೆಂದು ಸೌಟು ಹಾಕಿ ಎತ್ತಿದಂತೆ ಎತ್ತುವವರ ಚೆಂಡು ನೆಲ ಹಿಡಿದು ಓಡುತ್ತದೆ. ಎತ್ತುವ ಕೆಲಸಕ್ಕೆ ಕೋಲಿನ ಮುಖಕ್ಕೆ ಓರೆ ಕೊಟ್ಟು ತಯಾರಿಸಿದ್ದಾರೆ. ಅದಕ್ಕೆ ಸಂಬಳ ಕೊಟ್ಟು ನಾವೇ ಕೆಲಸ ಮಾಡುವುದು ಯಾಕೆ?

ಈಗ ಅಭ್ಯಾಸ. ಸಂಜೆ ಆರರ ಮೇಲೆ ಬೆಂಗಳೂರಿನ ಯಾವ ಡ್ರೈವಿಂಗ್ ರೇಂಜಿಗೆ ಹೋದರೂ ಕಾಣುವ ದೃಶ್ಯ ಒಂದೇ. ಬಕೆಟ್ಟಿನಲ್ಲಿ ಚೆಂಡು, ಕೈಯಲ್ಲಿ ಡ್ರೈವರ್. ಒಂದರ ಹಿಂದೊಂದು, ಉಸಿರು ತೆಗೆದುಕೊಳ್ಳದೆ, ಹುರಿಗಡಲೆ ಬಾಯಿಗೆ ಎಸೆದುಕೊಂಡಂತೆ. ಐವತ್ತನೇ ಹೊಡೆತದ ಹೊತ್ತಿಗೆ ಲಯ ಸಿಕ್ಕಿ ಚೆಂಡು ನೇರ ಹೋಗತೊಡಗುತ್ತದೆ, ಸಂತೋಷದಿಂದ ಮನೆಗೆ. ಭಾನುವಾರ ಮೊದಲ ಟೀಯಲ್ಲಿ ಆ ಹೊಡೆತ ಇರುವುದಿಲ್ಲ. ಕಳ್ಳತನ ಆಗಿಲ್ಲ, ಅದು ಇರಲೇ ಇಲ್ಲ.

1979ರಲ್ಲಿ ಷೇ ಮತ್ತು ಮಾರ್ಗನ್ ಎಂಬ ಇಬ್ಬರು ಸಂಶೋಧಕರು ಕೈಚಲನೆಯ ಕಲಿಕೆಯ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಒಂದೇ ಚಲನೆಯನ್ನು ಸಾಲಾಗಿ ಅಭ್ಯಾಸ ಮಾಡಿ ಮುಗಿಸಿ ಮುಂದಿನದಕ್ಕೆ ಹೋಯಿತು. ಇನ್ನೊಂದು ಗುಂಪು ಎಲ್ಲವನ್ನೂ ಕಲಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಮುಂದೆ. ದಿನಗಳ ನಂತರ ಪರೀಕ್ಷೆ ಇಟ್ಟಾಗ ಕಲಸಿ ಕಲಿತವರು ಮುಂದೆ. ಗಾಲ್ಫ್ ಅಂಗಳದಲ್ಲಿ ಒಂದೇ ಹೊಡೆತ ಎರಡು ಸಲ ಬರುವುದೇ ಇಲ್ಲವಲ್ಲ, ಹಾಗಾಗಿ ಇದು ನಮಗೆ ಹೇಳಿ ಮಾಡಿಸಿದ ಪಾಠ. ಹೊಸ ಹಿಡಿತ ಕಲಿಯುವಾಗ ಒಂದೇ ಕೋಲಿನಲ್ಲಿ ಇಪ್ಪತ್ತು ಮೂವತ್ತು ಹೊಡೆಯಿರಿ, ತಪ್ಪಿಲ್ಲ. ಆಮೇಲೆ ರೇಂಜಿನಲ್ಲೇ ಮನಸ್ಸಿನಲ್ಲಿ ಒಂದು ಅಂಗಳ ಆಡಿ. ಡ್ರೈವರ್, ಏಳನೇ ಐರನ್, ಒಂದು ಪುಟ್ಟ ಪಿಚ್. ಪ್ರತಿಯೊಂದಕ್ಕೂ ಬೇರೆ ಗುರಿ, ಪ್ರತಿಯೊಂದಕ್ಕೂ ಹಿಂದೆ ಹೋಗಿ ನಿಂತು ನೋಡಿ ಮತ್ತೆ ಬಂದು ನಿಲ್ಲುವುದು. ಅರ್ಧ ಬಕೆಟ್ಟಿಗೆ ಒಂದು ಗಂಟೆ ಹಿಡಿಯುತ್ತದೆ. ನೋಡುವವರಿಗೆ ಬೇಜಾರು, ಮಾಡುವವರಿಗೆ ಇನ್ನೂ ಬೇಜಾರು. ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ.

ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬುದರಲ್ಲೂ ಹಳೆಯ ಮಾತೊಂದು ಕಾಲು ಮುರಿದುಕೊಂಡಿದೆ. ಡ್ರೈವ್ ತೋರಿಕೆಗೆ, ಪಟ್, ಅಂದರೆ ಹಸಿರಿನ ಮೇಲೆ ಗುಳಿಗೆ ಉರುಳಿಸುವ ಹೊಡೆತ, ದುಡ್ಡಿಗೆ ಎಂದು ಹೇಳುತ್ತ ಬಂದಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ವೃತ್ತಿಪರರ ಲಕ್ಷಾಂತರ ಹೊಡೆತಗಳನ್ನು ಲೆಕ್ಕ ಹಾಕಿ ನೋಡಿದರು. ಅಗ್ರ ಆಟಗಾರರು ಉಳಿದವರಿಗಿಂತ ಮುಂದಿರುವುದರಲ್ಲಿ ಸುಮಾರು ಮೂರನೇ ಎರಡು ಪಾಲು ಡ್ರೈವ್ ಮತ್ತು ಹಸಿರಿನತ್ತ ಹೊಡೆಯುವ ದೂರದ ಹೊಡೆತಗಳಿಂದ ಬರುತ್ತದೆ. ಪಟ್‌ನ ಪಾಲು ಶೇಕಡಾ 15ರ ಆಸುಪಾಸು. ಹಾಗಾದರೆ ಅದಿತಿಯ ಕಥೆ ಸುಳ್ಳಾಯಿತೇ? ಇಲ್ಲ. ಸರಾಸರಿಯ ಲೆಕ್ಕ ಬೇರೆ, ಒಂದು ವಾರದ ಲೆಕ್ಕ ಬೇರೆ. ದೂರದಲ್ಲಿ ಕಳೆದುಕೊಂಡದ್ದನ್ನು ಅವರು ಆ ವಾರ ನೇರದಲ್ಲಿ, ಹಸಿರಿನ ಮೇಲೆ ವಸೂಲು ಮಾಡಿಕೊಂಡರು. ಐದನೇ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಲ್ಲಿ ಕೋಲು ಹಿಡಿದವರಿಗೆ ಅಷ್ಟು ಹೊತ್ತಿಗೆ ಹದಿನೆಂಟು ವರ್ಷದ ಬಂಡವಾಳ ಇತ್ತು.

ನಮ್ಮಂಥವರ ಪಟ್ಟಿಯಲ್ಲಿ ದಂಡದ ಹೊಡೆತ, ನೀರು, ಮೂರು ಪಟ್ ಇವೇ ಹೆಚ್ಚು. ಅಲ್ಲಿಂದ ಆರಂಭಿಸಿದರೆ ಬೇಗ ಫಲ ಕಾಣುತ್ತದೆ. ಪಟ್ ವಿಷಯದಲ್ಲಿ ಸ್ವಲ್ಪ ಸಮಾಧಾನ ಕೊಡುವ ಸಂಗತಿಯೂ ಇದೆ. ಗುಳಿಯ ಅಗಲ 108 ಮಿಲಿಮೀಟರು, ಚೆಂಡಿನದು 43ಕ್ಕೆ ಒಂದು ಕೂದಲು ಕಡಿಮೆ. ಜಾಗ ಧಾರಾಳ. ಆದರೂ ಅಮೆರಿಕದ ಪಿಜಿಎ ಟೂರ್‌ನ ಆಟಗಾರರೇ ಎಂಟು ಅಡಿಯಿಂದ ಎರಡರಲ್ಲಿ ಒಂದನ್ನು ತಪ್ಪಿಸುತ್ತಾರೆ. ಹಾಗಾಗಿ ಎಂಟು ಅಡಿ ತಪ್ಪಿದ್ದಕ್ಕೆ ಕೋಲನ್ನು ನೆಲಕ್ಕೆ ಬಡಿಯುವ ಮಿತ್ರರು ತಮ್ಮನ್ನು ಏನೆಂದುಕೊಂಡಿದ್ದಾರೋ ಗೊತ್ತಿಲ್ಲ. ಮೂರು ಪಟ್ ಆಗುವುದು ಹೆಚ್ಚಾಗಿ ದಿಕ್ಕು ತಪ್ಪಿ ಅಲ್ಲ, ಮೊದಲ ಪಟ್‌ನ ಬಿರುಸು ತಪ್ಪಿ. ಮೂವತ್ತು ಅಡಿಯಿಂದ ಗುಳಿಯ ಪಕ್ಕಕ್ಕೆ ಮೂರಡಿಯೊಳಗೆ ತಂದು ನಿಲ್ಲಿಸುವುದನ್ನು ಕಲಿತವನ ಕಾರ್ಡಿನಿಂದ ಐದಾರು ಹೊಡೆತ ತಾನಾಗಿ ಉದುರುತ್ತದೆ. ಮೂರಡಿಯದನ್ನು ಕಲಿಯಲು ಅಂಗಳವೇ ಬೇಡ, ಮನೆಯ ಹಜಾರ ಸಾಕು. ಪಟರಿನ ತಲೆ ಮಾತ್ರ ನುಸುಳುವಷ್ಟು ಜಾಗ ಬಿಟ್ಟು ಎರಡು ಗುರುತು ಇಟ್ಟು ನಡುವಿನಿಂದ ಹೊಡೆಯುವುದು. ಟೈಗರ್ ವುಡ್ಸ್ ಅಭ್ಯಾಸದ ಹಸಿರಿನ ಮೇಲೆ ಎರಡು ಟೀ ಚುಚ್ಚಿ ಮಾಡುವುದು ಇದನ್ನೇ. ಗುಳಿಯ ಬದಲಿಗೆ ನಾನು ಸ್ಟೀಲ್ ಲೋಟ ಮಲಗಿಸುತ್ತೇನೆ. ಅದರ ಬಾಯಿ ಗುಳಿಗಿಂತ ಕಿರಿದು, ವಾರವಿಡೀ ಅದಕ್ಕೆ ಹೊಡೆದವನಿಗೆ ಭಾನುವಾರದ ಗುಳಿ ಬಾವಿಯಂತೆ ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ ಮೈ ಒಪ್ಪದಿದ್ದರೆ? ಗಾಲ್ಫಿಗೆ ಮೈ ಬೇಕಿಲ್ಲ, ಅದು ನಿವೃತ್ತರ ವಾಯುವಿಹಾರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ ಗಾಲ್ಫ್ ಆಡುವವರನ್ನು ಹೆಚ್ಚು ಕಾಡುವುದು ಸೊಂಟನೋವು. ಕಾರಣ ಸರಳ ಯಂತ್ರಶಾಸ್ತ್ರ. ಬೆನ್ನುಮೂಳೆಯ ಕೆಳಭಾಗ ತಿರುಗಲು ಆದದ್ದೇ ಅಲ್ಲ, ಕೆಲವೇ ಡಿಗ್ರಿ ತಿರುಗುತ್ತದೆ. ತಿರುಗುವ ಕೆಲಸ ಸೊಂಟದ ಕೀಲುಗಳದು, ಎದೆಯ ಹಿಂದಿನ ಬೆನ್ನಿನದು. ದಿನಕ್ಕೆ ಎಂಟು ಗಂಟೆ ಕುರ್ಚಿ, ಎರಡು ಗಂಟೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು. ಆ ಎರಡೂ ಜಾಗ ತುಕ್ಕು ಹಿಡಿದಿರುತ್ತವೆ. ಆಗ ಬೀಸಿನ ಬಾಡಿಗೆಯನ್ನು ಕೆಳಬೆನ್ನು ಕಟ್ಟುತ್ತದೆ. ಇದೂ ಸುಮ್ಮನಿದ್ದಾಗ ಆದ ತಪ್ಪೇ, ಆದರೆ ಅಂಗಳದಲ್ಲಿ ಅಲ್ಲ, ಆಫೀಸಿನಲ್ಲಿ.

ನಾವು ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ ಜನ, ನಮ್ಮ ಸೊಂಟಕ್ಕೇನು ಎಂದು ನಾನೂ ಬೀಗಿದ್ದೆ. ಅಲ್ಲಿ ಒಂದು ಸೂಕ್ಷ್ಮ ಇದೆ. ಚಕ್ಕಳಮಕ್ಕಳದಲ್ಲಿ ತೊಡೆಯ ಮೂಳೆ ಕೀಲಿನಲ್ಲಿ ಹೊರಕ್ಕೆ ತಿರುಗುತ್ತದೆ. ಗಾಲ್ಫ್ ಬೀಸಿನ ಕೊನೆಗೆ ಮೈಯೆಲ್ಲ ಎಡಗಾಲಿನ ಮೇಲೆ ತಿರುಗಿ ನಿಲ್ಲುವಾಗ ಆ ಕಡೆಯ ಕೀಲು ಒಳಕ್ಕೆ ತಿರುಗಬೇಕು. ಪರೀಕ್ಷೆ ಮಾಡಲು ಕುರ್ಚಿಯ ಮೇಲೆ ಕೂತು, ಮಂಡಿಗಳನ್ನು ಜೋಡಿಸಿ, ಪಾದಗಳನ್ನು ಮಾತ್ರ ಎರಡು ಪಕ್ಕಕ್ಕೆ ಎಷ್ಟು ದೂರ ಒಯ್ಯಬಲ್ಲಿರಿ ನೋಡಿ. ನನ್ನ ಎಡಪಾದ ಗೇಣು ಕೂಡ ಸರಿಯಲಿಲ್ಲ. ದಿನಕ್ಕೆ ಐದು ನಿಮಿಷ ಇದನ್ನೇ ಮಾಡುತ್ತ ಬಂದೆ, ಮೂರು ತಿಂಗಳಿಗೆ ಸೊಂಟನೋವಿನ ಮಾತ್ರೆ ಡಬ್ಬಿಯಲ್ಲೇ ಉಳಿಯಿತು. ನನ್ನ ಮೈಯ ಅನುಭವ, ನಿಮ್ಮದಕ್ಕೆ ವೈದ್ಯರನ್ನು ಕೇಳಿ.

ಉಳಿದದ್ದಕ್ಕೆ ಹೊಸ ವಿದ್ಯೆ ಏನೂ ಬೇಡ. ಕುಕ್ಕರಗಾಲಿನಲ್ಲಿ ಕೂರುವುದು, ಬಸ್ಕಿ, ಒಂದು ಕಾಲಿನ ಮೇಲೆ ನಿಂತು ಹಲ್ಲುಜ್ಜುವುದು, ಆಟಕ್ಕೆ ಮುಂಚೆ ನಾಲ್ಕಾರು ಸೂರ್ಯನಮಸ್ಕಾರ. ಮೈಸೂರಿನ ಗರಡಿಮನೆಗಳಲ್ಲಿ ಗದೆ ತಿರುಗಿಸುತ್ತಿದ್ದುದನ್ನು ನೋಡಿದವರಿಗೆ ಗೊತ್ತು, ಭುಜ, ನಡು, ಕಾಲು ಒಂದೇ ಸುತ್ತಿಗೆ ಸಿಗುವ ವ್ಯಾಯಾಮ ಅದು. ಈಗ ಅದೇ ಗದೆ ಕಬ್ಬಿಣದ ಕೋಲಾಗಿ ವಿದೇಶದ ಜಿಮ್ಮು ಸುತ್ತಿ ನಮ್ಮಲ್ಲಿಗೆ ವಾಪಸು ಬಂದಿದೆ, ಬೆಲೆ ಏರಿಸಿಕೊಂಡು. ಗಾಲ್ಫ್ ಲೋಕದಲ್ಲಿ ಭಾರ ಎತ್ತುವುದನ್ನು ಗಟ್ಟಿಯಾಗಿ ಹಿಡಿದ ಮೊದಲಿಗರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್. ಸ್ನಾಯು ಬೆಳೆದರೆ ಬೀಸು ಕೆಡುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಕುಳ್ಳಗಿನ ಆ ಮನುಷ್ಯ ಒಂಬತ್ತು ಮೇಜರ್ ಟೂರ್ನಿ ಗೆದ್ದರು. ಟೈಗರ್ ಬಂದ ಮೇಲೆ ಜಿಮ್ಮಿಗೆ ಹೋಗದ ವೃತ್ತಿಪರರನ್ನು ಹುಡುಕಬೇಕಾಯಿತು. ಆದರೆ ಅದೇ ಟೈಗರ್ 2017ರಲ್ಲಿ ಬೆನ್ನುಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಗೆ ಒಳಗಾದರು. 2019ರಲ್ಲಿ 43ರ ವಯಸ್ಸಿನಲ್ಲಿ ಮಾಸ್ಟರ್ಸ್ ಗೆದ್ದದ್ದನ್ನು ನೆನೆಯುವವರು ಅದನ್ನೂ ನೆನೆಯಬೇಕು.

ನಡೆಯುವ ಮಾತು ಬೇರೆಯೇ. ಹದಿನೆಂಟು ಗುಳಿ ನಡೆದು ಆಡಿದರೆ ಎಂಟು ಹತ್ತು ಕಿಲೋಮೀಟರು ಕಾಲಿಗೆ ಬೀಳುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಮೂರು ಲಕ್ಷ ಗಾಲ್ಫ್ ಆಟಗಾರರ ದಾಖಲೆ ತೆಗೆದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ವಯಸ್ಸಿನ, ಅದೇ ಅಂತಸ್ತಿನ ಇತರರಿಗಿಂತ ಇವರ ಸಾವಿನ ಪ್ರಮಾಣ ಶೇಕಡಾ 40 ಕಡಿಮೆ ಇತ್ತು. ಗಾಲ್ಫ್ ಆಡಿದ್ದಕ್ಕೆ ಆಯುಷ್ಯ ಹೆಚ್ಚಿತೋ, ಆರೋಗ್ಯವಂತರೇ ಗಾಲ್ಫ್ ಆಡುತ್ತಾರೋ ಎಂಬ ಪ್ರಶ್ನೆ ಅದರಿಂದ ತೀರುವುದಿಲ್ಲ. ಬ್ಯಾಟರಿ ಗಾಡಿಯಲ್ಲಿ ಕೂತು ಬೋಂಡಾ ತಿನ್ನುತ್ತ ಆಡುವವರು ಮಾತ್ರ ಈ ಅಂಕಿಯನ್ನು ಹೆಂಡತಿಗೆ ತೋರಿಸಬಾರದು.

ಊರಿನ ವಿಷಯವಾಗಿ ಒಂದು ಎಚ್ಚರಿಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲಿದೆ. ಗಾಳಿ ತೆಳು, ಚೆಂಡು ಶೇಕಡಾ ಮೂರು ನಾಲ್ಕರಷ್ಟು ಹೆಚ್ಚು ಹಾರುತ್ತದೆ. ಇಲ್ಲಿ 150 ಗಜ ಹೋಗುವ ಏಳನೇ ಐರನ್ ಚೆನ್ನೈನಲ್ಲಿ 145ಕ್ಕೆ ಕೂರುತ್ತದೆ, ಬಂಕರಿನೊಳಗೆ. ನಮ್ಮವರು ಕೆಳಗಿನೂರುಗಳಿಗೆ ಹೋದಾಗ ಕ್ಯಾಡಿಯನ್ನು ಬೈಯುವುದಕ್ಕೆ ಅರ್ಧ ಕಾರಣ ಇದೇ. ಕ್ಯಾಡಿ ಹೇಳಿದ ಕೋಲು ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಅವರಷ್ಟು ಹೊಡೆತ ನೋಡಿದವರು ಅಂಗಳದಲ್ಲಿ ಬೇರೆ ಯಾರೂ ಇರುವುದಿಲ್ಲ. 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ ಹಿಡಿದು ಚಾಮುಂಡಿ ಬೆಟ್ಟದಡಿಯ ಮೈಸೂರಿನ ಅಂಗಳದವರೆಗೆ, ಈ ಆಟದ ವಿದ್ಯೆ ಸದಸ್ಯರ ಮನೆಗಳಲ್ಲಿ ಇರುವಷ್ಟೇ ಅವರ ಚೀಲ ಹೊರುವವರ ಮನೆಗಳಲ್ಲೂ ಇದೆ. ಬಿಡದಿಯ ಗಾಲ್ಫ್ ರೆಸಾರ್ಟಿನ ನೆರೆಯ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಏಷ್ಯನ್ ಟೂರ್ ತನಕ ಹೋದದ್ದು ಕಣ್ಣ ಮುಂದೆಯೇ ಇದೆ.

ಅಡಿಪಾಯ ಗಟ್ಟಿ ಇದ್ದರೆ ಗೆಲುವು ಖಚಿತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಕೊನೆಯ ದಿನ ಅದಿತಿ ಏಳು ಹೊಡೆತಗಳಿಂದ ಮುಂದಿದ್ದರು. ಆ ದಿನ 77 ಹೊಡೆದರು, ಚಿನ್ನ ಥಾಯ್ಲೆಂಡಿನ ಆಟಗಾರ್ತಿಗೆ ಹೋಯಿತು. ಬೆಳ್ಳಿಯೇ ದೊಡ್ಡದು, ಏಷ್ಯನ್ ಗೇಮ್ಸ್ ಗಾಲ್ಫಿನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಆದರೂ ಆ ದಿನದ ಮುಖ ನನಗೆ ಮರೆಯದು. ಹಿಡಿತ ಅದೇ, ನಿಲುವು ಅದೇ. ಚೆಂಡು ಕೇಳಲಿಲ್ಲ.

ಸೋದರತ್ತೆ ಅವತ್ತೂ ನೋಡುತ್ತಿದ್ದರು. ಈಚೆಗೆ ಅವರು ನನ್ನ ಹಜಾರದ ಅಭ್ಯಾಸವನ್ನೂ ತೀರ್ಪುಗಾರರಂತೆ ಕೂತು ನೋಡುತ್ತಾರೆ. ಸ್ಲೈಸ್ ಮಾತು ಅವರಿಗೆ ಬೇಕಿಲ್ಲ. ಕಣ್ಣೆಲ್ಲ ಪಟರ್ ಹಿಡಿದ ಕೈಯ ಮೇಲೆ. ಮೊನ್ನೆ ಸಾಲಾಗಿ ಆರು ಲೋಟಕ್ಕೆ ಬಿದ್ದವು. ಏಳನೆಯದಕ್ಕೆ ನಿಂತಾಗ "ಬಿಗಿ ಮಾಡ್ಕೊಂಡೆ ನೋಡು" ಎಂದರು, ಚೆಂಡು ಲೋಟದ ಅಂಚಿಗೆ ಬಡಿದು ಸೋಫಾ ಕೆಳಗೆ ಹೋಯಿತು. ಆ ಠಣ್ ಶಬ್ದಕ್ಕೆ ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿ ಹೋಗಿದ್ದಾರೆ. ಈಗ ಲೋಟದ ಸುತ್ತ ಒಂದು ಹಳೆ ಟವೆಲ್ ಸುತ್ತಿದ್ದೇನೆ.